ಪಾನಗೃಹಗಳ ಪರೀಕ್ಷಕರು

ಪಡಖಾನೆಯೆಂಬ ಮಾತು ಕಿವಿಗೆ ಬಿದ್ದೊಡನೆ ಮೂಗು ಮುರಿಯುವ ಸಜ್ಜನರು ಎಲ್ಲ ದೇಶಗಳಲ್ಲಿಯೂ ಉಂಟು. ಅವರ ಜುಗುಪ್ಸೆಗೆ ಕಾರಣವಿಲ್ಲದೆಯೂ ಇಲ್ಲ. ಆದರೆ ಚರಿತ್ರಕಾರನೂ ಹಾಗೆಯೇ ಮೂಗು ಮುರಿದು ಮುಂದೆ ಸಾಗಿಬಿಟ್ಟರೆ ಇಂಗ್ಲೆಂಡಿನ ಜನಜೀವನದ ಅರ್ಧ ಕಥೆ ಅವನ ಕೈತಪ್ಪಿಹೋಗುವುದು. ಅರಮನೆಯ ಕಡತಗಳಲ್ಲಿ ದೊರೆಗಳ ಮಾತು ಸಿಕ್ಕುತ್ತದೆ. ಇಗರ್ಜಿಯ ದಫ್ತರಗಳಲ್ಲಿ ಹುಟ್ಟು, ಮದುವೆ, ಸಾವುಗಳ ಲೆಕ್ಕ ಸಿಕ್ಕುತ್ತದೆ. ದಿನದ ದುಡಿಮೆ ಮುಗಿಸಿದ ಸಾಮಾನ್ಯನು ಸಂಜೆ ಎಲ್ಲಿ ಕುಳಿತನು, ಏನನ್ನು ಕುಡಿದನು, ಅದರ ಜೊತೆಗೆ ಏನನ್ನು ತಿಂದನು, ಯಾರೊಡನೆ ಮಾತಾಡಿದನು ಎಂಬುದನ್ನು ತಿಳಿಯಬೇಕಾದರೆ ಮಾತ್ರ ಆ ನಾಡಿನ ಪಾನಗೃಹಗಳ ಬಾಗಿಲನ್ನೇ ತಟ್ಟಬೇಕು. ಅದೃಷ್ಟವಶಾತ್ ಹಾಗೆ ಬಾಗಿಲು ತಟ್ಟಿ, ಒಳಹೊಕ್ಕು, ರುಚಿ ನೋಡಿ, ಕಂಡುದನ್ನು ಬರೆದಿಟ್ಟವರು ಏಳು ಶತಮಾನಗಳಿಗೂ ಹಿಂದಿನಿಂದ ಇದ್ದಾರೆ. ಕೆಲವರು ಪ್ರಮಾಣವಚನ ಮಾಡಿ ಅಧಿಕಾರದಿಂದ ಬಂದವರು. ಕೆಲವರು ಬಾಯಾರಿ ಬಂದವರು. ಕೆಲವರು ಬಾಗಿಲು ಮುಚ್ಚಿಸಲೆಂದೇ ಬಂದವರು. ಒಂದೊಂದು ಕಾಲದಲ್ಲಿ ಇವರು ಕೇಳಿದ ಪ್ರಶ್ನೆಯೇ ಬೇರೆ. ಆ ಪ್ರಶ್ನೆಗೆ ದಂಡ ತೆತ್ತವರೂ ಬೇರೆ.

ಮೊದಲು ಹೆಸರುಗಳ ವಿಚಾರ. ಹೋಟೆಲು ಎಂಬ ಒಂದೇ ಮಾತು ಕನ್ನಡದಲ್ಲಿ ಉಣ್ಣುವ ಮನೆಗೂ ತಂಗುವ ಮನೆಗೂ ಸಲ್ಲುತ್ತದೆ. ಹಿಂದಿನ ಇಂಗ್ಲಿಷಿನಲ್ಲಿ ಹಾಗಿರಲಿಲ್ಲ. ದಾರಿಹೋಕರಿಗೂ ಅವರ ಕುದುರೆಗಳಿಗೂ ಎಡೆಗೊಟ್ಟು ಊಟವಿಕ್ಕುತ್ತಿದ್ದುದು ‘ಇನ್’. ದ್ರಾಕ್ಷಾಮದ್ಯವನ್ನು ಮಾರುತ್ತಿದ್ದುದು, ಆದುದರಿಂದ ಹಣವುಳ್ಳವರು ಹೋಗುತ್ತಿದ್ದುದು ‘ಟ್ಯಾವರ್ನ್’. ಮೊಳೆತ ಧಾನ್ಯದಿಂದ ಮಾಡಿದ ‘ಏಲ್’ ಎಂಬ ಪಾನೀಯವನ್ನು ಬಡವರಿಗೆ ಅಳೆದುಕೊಡುತ್ತಿದ್ದುದು ‘ಏಲ್‌ಹೌಸ್’. ೧೫೭೭ರಲ್ಲಿ ಎಲಿಜಬೆತ್ ರಾಣಿಯ ಸರ್ಕಾರವು ತೆರಿಗೆಯ ಉದ್ದೇಶದಿಂದ ಇವನ್ನು ಎಣಿಸಿತು. ಲೆಕ್ಕ ಉಳಿದಿರುವ ಸೀಮೆಗಳಲ್ಲಿ ಇನ್ನುಗಳು ಸಾವಿರದ ಆರುನೂರಕ್ಕೆ ಮೇಲೆ, ಟ್ಯಾವರ್ನುಗಳು ಮುನ್ನೂರಕ್ಕೆ ಮೇಲೆ, ಏಲ್‌ಹೌಸುಗಳು ಹದಿನಾಲ್ಕು ಸಾವಿರಕ್ಕೆ ಮೇಲೆ ಇದ್ದುವು. ಬಡವನ ಮನೆ ಯಾವುದೆಂಬುದನ್ನು ಈ ಸಂಖ್ಯೆಗಳೇ ಹೇಳುವುವು. ಕಾಲಕ್ರಮದಲ್ಲಿ ಮೂರರ ಗಡಿಗಳೂ ಮಾಸಿ ಎಲ್ಲವೂ ‘ಪಬ್ಲಿಕ್ ಹೌಸ್’ ಎಂಬ ಹೆಸರಿನೊಳಗೆ ಸೇರಿಹೋದುವು. ಅದರ ಮೊಟಕುರೂಪವೇ ಈಗ ಬೆಂಗಳೂರಿನವರೆಗೂ ಬಂದಿರುವ ‘ಪಬ್’.

ಪ್ರಾಚೀನರಿಗೆ ಏಲ್ ಮತ್ತಿನ ವಸ್ತುವೆಂಬುದಕ್ಕಿಂತ ಹೆಚ್ಚಾಗಿ ಆಹಾರದ ಒಂದು ಭಾಗವಾಗಿತ್ತು. ರೊಟ್ಟಿಯ ಪಕ್ಕದಲ್ಲಿ ಅದಕ್ಕೆ ಸ್ಥಾನ. ಮಾಡಿದ ಕೆಲವೇ ದಿನಗಳಲ್ಲಿ ಅದು ಹಳಸಿಹೋಗುತ್ತಿದ್ದುದರಿಂದ ದೂರದೂರಿಗೆ ಸಾಗಿಸಿ ಮಾರುವಂತಿರಲಿಲ್ಲ. ಹಳ್ಳಿಯ ಹೆಂಗಸು ತನ್ನ ಮನೆಯ ಹಂಡೆಯಲ್ಲಿಯೇ ಕಾಸಿ, ಮನೆಯವರಿಗಾಗಿ ಮಿಕ್ಕುದನ್ನು ನೆರೆಹೊರೆಯವರಿಗೆ ಮಾರುವಳು. ಮಾರಾಟಕ್ಕೆ ಸಿದ್ಧವಾಯಿತೆಂಬುದಕ್ಕೆ ಗುರುತಾಗಿ ಬಾಗಿಲ ಮೇಲೆ ಒಂದು ಕೋಲನ್ನು ಚಾಚಿ ಅದರ ತುದಿಗೆ ಸೊಪ್ಪಿನ ಕಟ್ಟನ್ನೋ ಪೊರಕೆಯನ್ನೋ ಕಟ್ಟುವಳು. ವಿಧವೆಗೂ, ಗಂಡನ ಸಂಪಾದನೆ ಸಾಲದವಳಿಗೂ ಈ ಕೋಲು ಒಂದು ಜೀವನಾಧಾರವಾಗಿತ್ತು.

ಮೂರನೆಯ ಹೆನ್ರಿ ದೊರೆಯ ಕಾಲದ ‘ರೊಟ್ಟಿ ಮತ್ತು ಏಲ್ ಕಟ್ಟಳೆ’ಯನ್ನು ವಾಡಿಕೆಯಾಗಿ ೧೨೬೬ರದೆಂದು ಎಣಿಸುವರು. ಧಾನ್ಯದ ಧಾರಣೆ ಏರಿದರೆ ಏಲಿನ ಬೆಲೆ ಎಷ್ಟು ಏರಬಹುದು, ಇಳಿದರೆ ಎಷ್ಟು ಇಳಿಯಬೇಕು ಎಂಬುದನ್ನು ಆ ಕಟ್ಟಳೆ ಗೊತ್ತುಮಾಡಿತು. ಅದನ್ನು ನಡೆಯಿಸಲು ಊರೂರಿಗೂ ‘ಏಲ್ ರುಚಿಗಾರ’ರು ನೇಮಕವಾದರು. ಬಾಗಿಲ ಮೇಲೆ ಕೋಲು ಕಂಡೊಡನೆ ರುಚಿಗಾರನು ಬಂದು, ಪಾನೀಯವನ್ನು ನಾಲಗೆಗೆ ಹಚ್ಚಿ, ಅದು ಹಿತವಾಗಿದೆಯೇ, ಆರೋಗ್ಯಕ್ಕೆ ತಕ್ಕುದೇ, ಅಳತೆಪಾತ್ರೆಗೆ ಮುದ್ರೆ ಬಿದ್ದಿದೆಯೇ, ಬೆಲೆ ಕಟ್ಟಳೆಗೆ ಸರಿಯಾಗಿದೆಯೇ ಎಂದು ನೋಡಬೇಕು. ತಪ್ಪು ಕಂಡರೆ ಪಾಳೆಯದ ನ್ಯಾಯಸ್ಥಾನದಲ್ಲಿ ಹೆಸರು ಕೊಡಬೇಕು. ದಂಡ ತೆತ್ತೂ ಮರಳಿ ಮರಳಿ ತಪ್ಪುವವಳನ್ನು ಕುರ್ಚಿಗೆ ಬಿಗಿದು ಬೀದಿಯಲ್ಲಿ ಅವಮಾನಪಡಿಸುವ ಶಿಕ್ಷೆಯೂ ಇತ್ತು. ರುಚಿಗಾರನು ಚರ್ಮದ ಚಲ್ಲಣ ತೊಟ್ಟು, ಬೆಂಚಿನ ಮೇಲೆ ಏಲನ್ನು ಚೆಲ್ಲಿಸಿ ಅದರ ಮೇಲೆಯೇ ಕುಳಿತು, ಏಳುವಾಗ ಚಲ್ಲಣ ಅಂಟಿಕೊಂಡರೆ ಸಕ್ಕರೆ ಹೆಚ್ಚೆಂದು ತೀರ್ಪು ಹೇಳುತ್ತಿದ್ದನೆಂಬ ಕಥೆ ಬಹಳ ಪ್ರಸಿದ್ಧವಾಗಿದೆ. ಕೇಳಲು ಸೊಗಸು, ಆದರೆ ಹಳೆಯ ಕಾಲದ ದಾಖಲೆಗಳಲ್ಲಿ ಇದಕ್ಕೆ ಆಧಾರವಿಲ್ಲ. ನಾಲಗೆಯುಳ್ಳವನಿಗೆ ಚಲ್ಲಣದ ಸಾಕ್ಷ್ಯವೇಕೆ?

ಈ ಹುದ್ದೆ ಊರಿನ ಮರ್ಯಾದಸ್ಥರಿಗೆ ಸಲ್ಲುತ್ತಿತ್ತು. ೧೫೫೬ರಲ್ಲಿ ಸ್ಟ್ರಾಟ್‌ಫರ್ಡ್ ಊರಿನ ರುಚಿಗಾರನಾಗಿ ಆಯ್ಕೆಗೊಂಡವನು ಜಾನ್ ಷೇಕ್ಸ್‌ಪಿಯರ್ ಎಂಬ ಕೈಗವಸಿನ ವ್ಯಾಪಾರಿ. ಅವನ ಮಗ ವಿಲಿಯಮನು ಮುಂದೆ ಫಾಲ್‌ಸ್ಟಾಫನೆಂಬ ಮಹಾಪಾನಿಯನ್ನು ರಂಗಭೂಮಿಗೆ ತಂದುದನ್ನು ವಾಚಕರು ಬಲ್ಲರಷ್ಟೆ. ಲಂಡನ್ ನಗರದ ಹಳೆಯ ಸಂಸ್ಥಾನದಲ್ಲಿ ಈಗಲೂ ಬೇಸಗೆಯಲ್ಲಿ ನಾಲ್ವರು ರುಚಿಗಾರರನ್ನು ಚುನಾಯಿಸುವರು. ಕೆಲಸ ಹೋಗಿದೆ, ಹೆಸರು ಮಾತ್ರ ನಿಂತಿದೆ.

ಹಳ್ಳಿಗಳ ನ್ಯಾಯಸ್ಥಾನದ ಸುರುಳಿಗಳನ್ನು ಬಿಚ್ಚಿ ನೋಡಿದರೆ ಒಂದು ವಿಚಿತ್ರ ಸಂಗತಿ ಕಣ್ಣಿಗೆ ಬೀಳುವುದು. ಏಲ್ ಕಾಸಿದ ಹೆಂಗಸರ ಹೆಸರುಗಳು ಸಭೆ ಸೇರಿದಾಗಲೆಲ್ಲ ಒಂದೇ ಸಾಲಿನಲ್ಲಿ ಬರುತ್ತವೆ. ಬಹುಮಟ್ಟಿಗೆ ಎಲ್ಲರಿಗೂ ಒಂದೆರಡು ಪೆನ್ನಿಗಳ ದಂಡ. ಎಲ್ಲರೂ ಸದಾ ಕಳ್ಳ ಅಳತೆಯಲ್ಲಿ ಮಾರುತ್ತಿದ್ದರೆಂದು ನಂಬುವುದು ಕಷ್ಟ. ದಂಡವೆಂಬುದು ಹೆಸರಿಗೆ, ವಾಸ್ತವದಲ್ಲಿ ಅದು ಮಾರುವ ಹಕ್ಕಿಗೆ ತೆರುತ್ತಿದ್ದ ಪಾವತಿಯಾಗಿ ಪರಿಣಮಿಸಿತ್ತೆಂದು ಇತಿಹಾಸಜ್ಞರು ಊಹಿಸಿರುವರು. ಪರೀಕ್ಷೆಯೆಂಬ ಸಂಸ್ಥೆ ಹುಟ್ಟಿದ ಸ್ವಲ್ಪ ಕಾಲದಲ್ಲಿಯೇ ಆದಾಯದ ಬಾಬಾಗಿ ಮಾರ್ಪಡುವುದು ಹದಿಮೂರನೆಯ ಶತಮಾನದ ವಿಶೇಷವೇನೂ ಅಲ್ಲ.

ಆದರೆ ಅಧಿಕಾರಿಯ ನಾಲಗೆಗಿಂತಲೂ ಕವಿಯ ನಾಲಗೆ ಹರಿತವಾದುದು. ಎಂಟನೆಯ ಹೆನ್ರಿಯ ಬಾಲ್ಯದ ಗುರುವಾಗಿದ್ದ ಜಾನ್ ಸ್ಕೆಲ್ಟನ್ನನು ಸುಮಾರು ೧೫೧೭ರಲ್ಲಿ ಎಲಿನೂರ್ ರಮ್ಮಿಂಗ್ ಎಂಬ ಏಲ್‌ಗಿತ್ತಿಯ ಮೇಲೆ ಒಂದು ಹಾಸ್ಯಕಾವ್ಯವನ್ನು ರಚಿಸಿದನು. ಸರ್ರೆ ಸೀಮೆಯ ಲೆದರ್‌ಹೆಡ್ ಊರಿನ ಬಳಿ ಅವಳ ಮನೆ. ಒಂದು ಪಾನಗೃಹದ ಒಳಗೆ ನಡೆಯುವುದನ್ನೆಲ್ಲ ಇಷ್ಟು ಹತ್ತಿರದಿಂದ ತೋರಿಸಿದ ಬರವಣಿಗೆ ಇಂಗ್ಲಿಷಿನಲ್ಲಿ ಅದಕ್ಕೆ ಮುಂಚೆ ವಿರಳ. ಹಂಡೆಯ ಮೇಲಣ ತೊಲೆಯಲ್ಲಿ ಕೋಳಿಗಳು ಕುಳಿತಿವೆ. ಅವುಗಳ ಹಿಕ್ಕೆ ಹುಳಿಯುತ್ತಿರುವ ಏಲಿನೊಳಗೆ ಬೀಳುತ್ತದೆ. ಮುದುಕಿ ಅದನ್ನು ತೆಗೆದೆಸೆಯದೆ ಕಲಕಿಬಿಡುತ್ತಾಳೆ. ಮೈಬಣ್ಣಕ್ಕೆ ಇದು ಒಳ್ಳೆಯದೆಂದು ಗಿರಾಕಿಗಳಿಗೆ ಉಪದೇಶವನ್ನೂ ಮಾಡುತ್ತಾಳೆ. ಕಾಸಿಲ್ಲದ ಹೆಂಗಸರು ಹಿತ್ತಿಲ ದಾರಿಯಿಂದ ಓಡೋಡಿ ಬರುವರು. ಒಬ್ಬಳ ಕೈಯಲ್ಲಿ ಮದುವೆಯ ಉಂಗುರ, ಒಬ್ಬಳ ಕೈಯಲ್ಲಿ ಗಂಡನ ಕುಲಾವಿ, ಇನ್ನೊಬ್ಬಳ ಕಂಕುಳಲ್ಲಿ ನೂಲುವ ಸಾಧನ, ಮತ್ತೊಬ್ಬಳ ತಲೆಯ ಮೇಲೆ ಅಡುಗೆಯ ಪಾತ್ರೆ. ಒಂದು ಬಟ್ಟಲು ಏಲಿಗಾಗಿ ಸಂಸಾರವೇ ತುಂಡು ತುಂಡಾಗಿ ಆ ಬಾಗಿಲೊಳಗೆ ಹೋಗುವುದು.

ಕಾವ್ಯದಲ್ಲಿ ನಗು ತುಂಬಿದೆ. ಕನಿಕರ ಒಂದು ಹನಿಯೂ ಇಲ್ಲ. ಎಲಿನೂರಳ ಸುಕ್ಕು, ಗೂನು, ಜಿಗುಟು ಕಣ್ಣುಗಳನ್ನು ಬಣ್ಣಿಸುವುದರಲ್ಲಿ ಕವಿಗೆ ಇರುವ ಉತ್ಸಾಹ ಅವಳ ಏಲಿನ ರುಚಿಯನ್ನು ಹೇಳುವುದರಲ್ಲಿ ಇಲ್ಲ. ಬಹುಕಾಲ ವಿದ್ವಾಂಸರು ಅವಳನ್ನು ಕವಿಕಲ್ಪನೆಯೆಂದೇ ತಿಳಿದಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ಹಳೆಯ ನ್ಯಾಯಸ್ಥಾನದ ಸುರುಳಿಯೊಂದರಲ್ಲಿ ೧೫೨೫ನೆಯ ವರ್ಷದ ಒಂದು ಪಂಕ್ತಿ ಕಂಡುಬಂದಿತು: ಲೆದರ್‌ಹೆಡ್ಡಿನ ಅಲಿಯನೋರಾ ರೋಮಿಂಗ್ ಎಂಬ ಏಲ್ ಮಾರುವವಳು ಕಿರಿದಾದ ಅಳತೆಯಲ್ಲಿ ಹೆಚ್ಚಿನ ಬೆಲೆಗೆ ಮಾರಿದುದಕ್ಕಾಗಿ ಎರಡು ಪೆನ್ನಿಗಳ ದಂಡ ತೆತ್ತಳು. ಇಷ್ಟೇ. ಕೋಳಿಯ ಹಿಕ್ಕೆಯ ಮಾತು ಅಲ್ಲಿಲ್ಲ. ಒಂದೇ ಮನೆಯನ್ನು ಕುರಿತು ಇಬ್ಬರು ಪರೀಕ್ಷಕರ ವರದಿಗಳು ಹೀಗೆ ಉಳಿದಿರುವುವು. ಅಧಿಕಾರಿಯದು ಎರಡು ಪೆನ್ನಿಗೆ ಮುಗಿಯಿತು. ಕವಿ ವಿಧಿಸಿದ ದಂಡವನ್ನು ಆ ಮುದುಕಿ ಐನೂರು ವರ್ಷಗಳಿಂದ ತೆರುತ್ತಲೇ ಇದ್ದಾಳೆ.

ಸ್ಕೆಲ್ಟನ್ನನು ನಕ್ಕ ಕಾಲಕ್ಕೆ ಎಲಿನೂರಳಂಥವರ ವೃತ್ತಿಗೆ ಆಗಲೇ ಕುತ್ತು ಬಂದಿತ್ತು. ಸಮುದ್ರದಾಚೆಯ ನೆದರ್ಲೆಂಡ್ ಸೀಮೆಯಿಂದ ಹಾಪ್ ಎಂಬ ಕಹಿ ಹೂವು ಬಂದಿತು. ಅದನ್ನು ಬೆರಸಿ ಮಾಡಿದ ಬಿಯರು ಬಹುದಿನ ಕೆಡದೆ ಇರಬಲ್ಲುದು. ಪೀಪಾಯಿಗಳಲ್ಲಿ ತುಂಬಿ ದೂರಕ್ಕೆ ಸಾಗಿಸಬಹುದು. ಕೆಡದ ವಸ್ತುವಿಗೆ ದೊಡ್ಡ ಹಂಡೆ ಬೇಕು. ದೊಡ್ಡ ಹಂಡೆಗೆ ಬಂಡವಾಳ ಬೇಕು. ಸಾಲವೂ ವ್ಯಾಪಾರಸಂಘದ ಸದಸ್ಯತ್ವವೂ ಗಂಡಸರಿಗೆ ಸುಲಭ, ಹೆಂಗಸರಿಗೆ ಕಷ್ಟ. ೧೩೦೦ರಲ್ಲಿ ಬಹುಮಟ್ಟಿಗೆ ಹೆಂಗಸರ ಕೈಯಲ್ಲಿದ್ದ ಕಸುಬು ೧೬೦೦ರ ಹೊತ್ತಿಗೆ ಗಂಡಸರದಾಗಿತ್ತೆಂಬುದನ್ನು ಜೂಡಿತ್ ಬೆನೆಟ್ ಎಂಬ ವಿದುಷಿಯು ೧೯೯೬ರ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ತೋರಿಸಿರುವರು. ಏಲ್‌ಗಿತ್ತಿ ಕೊಳಕಿ, ಮೋಸಗಾತಿ ಎಂಬ ಹಾಸ್ಯವು ಈ ಪಲ್ಲಟಕ್ಕೆ ಎಷ್ಟು ನೆರವಾಯಿತೆಂಬುದನ್ನು ತೂಗುವ ತಕ್ಕಡಿಯಿಲ್ಲ. ಆದರೆ ನೆರವಾಗಲಿಲ್ಲವೆನ್ನುವುದು ಸಾಹಸದ ಮಾತು.

೧೫೫೨ರಲ್ಲಿ ಪಾರ್ಲಿಮೆಂಟು ಹೊಸ ಕಾನೂನನ್ನು ಮಾಡಿ, ಇಬ್ಬರು ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಏಲ್‌ಹೌಸನ್ನು ನಡೆಯಿಸಕೂಡದೆಂದು ವಿಧಿಸಿತು. ಅಲ್ಲಿಗೆ ಪ್ರಶ್ನೆ ಬದಲಾಯಿತು. ಏಲ್ ಹೇಗಿದೆಯೆಂದು ರುಚಿಗಾರನು ಕೇಳುತ್ತಿದ್ದನು. ಮನೆಯ ಯಜಮಾನನು ಎಂಥವನು, ಅಲ್ಲಿ ಜೂಜು ನಡೆಯುವುದೇ, ಪ್ರಾರ್ಥನೆಯ ವೇಳೆಯಲ್ಲಿ ಬಾಗಿಲು ತೆರೆದಿರುವುದೇ, ಕಳ್ಳರೂ ಅಲೆಮಾರಿಗಳೂ ಸೇರುವರೇ ಎಂದು ಮ್ಯಾಜಿಸ್ಟ್ರೇಟನು ಕೇಳತೊಡಗಿದನು. ಪಾನೀಯದ ಪರೀಕ್ಷೆ ಹೋಗಿ ಮನೆಯ ಪರೀಕ್ಷೆ ಬಂದಿತು.

ತನ್ನ ಸಂತೋಷಕ್ಕಾಗಿಯೇ ಕುಡಿದು, ತನ್ನ ಸಂತೋಷಕ್ಕಾಗಿಯೇ ಬರೆದವನು ನೌಕಾಖಾತೆಯ ಅಧಿಕಾರಿಯಾದ ಸ್ಯಾಮ್ಯುಅಲ್ ಪೀಪ್ಸನು. ೧೬೬೦ರ ಜನವರಿಯಿಂದ ೧೬೬೯ರ ಮೇ ತಿಂಗಳವರೆಗೆ ಸಂಕೇತಲಿಪಿಯಲ್ಲಿ ಅವನು ಬರೆದ ದಿನಚರಿಯು ೧೮೨೫ರವರೆಗೆ ಅಚ್ಚಾಗಲಿಲ್ಲ. ಲಂಡನ್ನಿನ ನೂರಾರು ಪಾನಗೃಹಗಳು ಅದರಲ್ಲಿ ಬಂದುಹೋಗುವುವು: ಎಲ್ಲಿ ಮೀನು ಚೆನ್ನಾಗಿತ್ತು, ಎಲ್ಲಿ ಲೆಕ್ಕ ದುಬಾರಿಯಾಯಿತು, ಎಲ್ಲಿ ಸಂಗೀತ ಕೇಳಿಸಿತು. ೧೬೬೩ರ ಏಪ್ರಿಲ್ ೧೦ರಂದು ಲೊಂಬಾರ್ಡ್ ಬೀದಿಯ ‘ರಾಯಲ್ ಓಕ್’ ಟ್ಯಾವರ್ನಿನಲ್ಲಿ ಅವನು ಫ್ರಾನ್ಸ್ ದೇಶದ ಒಂದು ದ್ರಾಕ್ಷಾಮದ್ಯವನ್ನು ಕುಡಿದನು. ಅದರ ಹೆಸರನ್ನು ಕಿವಿಗೆ ಕೇಳಿದಂತೆ ತಪ್ಪಾಗಿ ಬರೆದು, ಅಂಥ ವಿಶಿಷ್ಟವಾದ ರುಚಿಯನ್ನು ಹಿಂದೆಂದೂ ಕಂಡಿರಲಿಲ್ಲವೆಂದು ಗುರುತುಹಾಕಿಕೊಂಡನು. ಅದು ಬೋರ್ಡೋ ಪ್ರಾಂತದ ಓ-ಬ್ರಿಯೋ ತೋಟದ ಮದ್ಯ. ಇಂಗ್ಲಿಷಿನಲ್ಲಿ ಒಂದು ತೋಟದ ಹೆಸರು ಹಿಡಿದು ರುಚಿ ಹೇಳಿದ ಮೊದಲ ಬರಹಗಳಲ್ಲಿ ಅದೂ ಒಂದೆಂದು ಮದ್ಯಜ್ಞರು ಆದರದಿಂದ ಸ್ಮರಿಸುವರು. ಇದೇ ಪೀಪ್ಸನು ೧೬೬೧ರ ಕೊನೆಯ ದಿನ ಮದ್ಯವನ್ನೂ ನಾಟಕವನ್ನೂ ಬಿಡುವೆನೆಂದು ಪ್ರತಿಜ್ಞೆ ಮಾಡಿದ್ದನು. ಪ್ರತಿಜ್ಞೆಗಳನ್ನು ಮುರಿದಾಗ ಬಡವರ ಪೆಟ್ಟಿಗೆಗೆ ದಂಡ ಹಾಕಿಕೊಳ್ಳುತ್ತಿದ್ದನು. ಸರ್ಕಾರವು ಏಲ್‌ಗಿತ್ತಿಯರಿಗೆ ಹಾಕುತ್ತಿದ್ದ ದಂಡವನ್ನು ಅವನು ತನಗೆ ತಾನೇ ವಿಧಿಸಿಕೊಂಡನು. ಫಲವೂ ಹೆಚ್ಚುಕಡಮೆ ಅಷ್ಟೇ ಆಯಿತು.

೧೬೬೬ರ ಸೆಪ್ಟೆಂಬರ್ ೨ರಂದು ಲಂಡನ್ನಿಗೆ ಬೆಂಕಿ ಬಿದ್ದಾಗ ಪೀಪ್ಸನು ದೋಣಿಯಿಂದ ನೋಡುತ್ತಿದ್ದನು. ಕಿಡಿಗಳ ಮಳೆಯನ್ನು ತಾಳಲಾರದೆ ನದಿಯಾಚೆಯ ದಡದಲ್ಲಿದ್ದ ಒಂದು ಚಿಕ್ಕ ಏಲ್‌ಹೌಸನ್ನು ಸೇರಿ, ಕತ್ತಲಾಗುವವರೆಗೂ ಅಲ್ಲಿಯೇ ಕುಳಿತು ನಗರವು ಉರಿಯುವುದನ್ನು ಕಂಡನು. ಆ ಮನೆಯ ಹೆಸರನ್ನಾಗಲಿ ಅಲ್ಲಿಯ ಪಾನೀಯದ ಗುಣವನ್ನಾಗಲಿ ಅವನು ಬರೆಯಲಿಲ್ಲ. ಎದುರಿಗೆ, ಅವನು ಹಲವು ವರ್ಷಗಳಿಂದ ಹೆಸರು ಹಿಡಿದು ಬರೆದಿದ್ದ ಎಷ್ಟೋ ಮನೆಗಳು ಬೂದಿಯಾಗುತ್ತಿದ್ದುವು. ಅವುಗಳ ಊಟವೂ ಮಾತೂ ಈಗ ಅವನ ಹಾಳೆಗಳಲ್ಲಿ ಮಾತ್ರ ಇವೆ.

ಪೀಪ್ಸನು ಗುಟ್ಟಾಗಿ ಮಾಡಿದುದನ್ನು ಬೀದಿಯಲ್ಲಿ ಮಾರಾಟಕ್ಕಿಟ್ಟವನು ನೆಡ್ ವಾರ್ಡ್. ೧೬೯೮ರ ನವೆಂಬರಿನಿಂದ ತಿಂಗಳಿಗೊಂದು ಸಂಚಿಕೆಯಂತೆ ಅವನು ಪ್ರಕಟಿಸಿದ ‘ಲಂಡನ್ ಸ್ಪೈ’ಯಲ್ಲಿ ಹಳ್ಳಿಯಿಂದ ಬಂದವನೊಬ್ಬನು ಗೆಳೆಯನೊಡನೆ ರಾಜಧಾನಿಯನ್ನು ಸುತ್ತುತ್ತ ಟ್ಯಾವರ್ನುಗಳನ್ನೂ ಕಾಫಿಯ ಅಂಗಡಿಗಳನ್ನೂ ಹೊಕ್ಕು ಹೊರಡುವನು. ಭಾಷೆ ಒರಟು, ಕಣ್ಣು ಚುರುಕು. ರಾಣಿಯ ಸರ್ಕಾರವನ್ನು ಟೀಕಿಸಿದ ಪದ್ಯಕ್ಕಾಗಿ ೧೭೦೬ರಲ್ಲಿ ಕೈ ಕೊರಳುಗಳನ್ನು ಮರದ ಚೌಕಟ್ಟಿನಲ್ಲಿ ಸಿಕ್ಕಿಸಿ ಬೀದಿಯಲ್ಲಿ ನಿಲ್ಲಿಸಿದರು. ಮುಂದೆ ಅವನು ತಾನೇ ಒಂದು ಪಾನಗೃಹವನ್ನು ತೆರೆದು, ಅನ್ಯರನ್ನು ಅಳೆದವನು ಅಳತೆಗೆ ಸಿಕ್ಕಿದನು. ಸುಮಾರು ೧೭೧೫ರಲ್ಲಿಯೂ ೧೭೨೦ರಲ್ಲಿಯೂ ‘ಮಾಲ್ಟ್ ಹುಳು’ಗಳಿಗೆಂದು, ಎಂದರೆ ಬಿಯರುಪ್ರಿಯರಿಗೆಂದು, ಅಚ್ಚಾದ ಎರಡು ಕೈಪಿಡಿಗಳನ್ನು ಕೆಲವರು ಅವನವೆನ್ನುವರು; ನಿರ್ಣಯಿಸುವುದು ಕಷ್ಟ. ಯಾರದಾದರೂ ಆಗಲಿ, ಕುತೂಹಲಕರವಾದ ಪುಸ್ತಕಗಳು. ಒಂದೊಂದು ಮನೆಗೂ ಅದರ ಹಲಗೆಯ ಮೇಲಣ ಚಿತ್ರದ ಮರದಚ್ಚು; ಕೆಳಗೆ ಯಜಮಾನನ ಸ್ವಭಾವ, ಪಾನೀಯದ ಗುಣ, ದಿನವೂ ಬಂದು ಕೂರುವ ಮುಖ್ಯ ಗಿರಾಕಿಗಳ ಕಸುಬು, ಇವೆಲ್ಲವನ್ನು ಪದ್ಯದಲ್ಲಿ ಪೋಣಿಸಿದೆ. ಎಂಥ ದಡ್ಡನಿಗೂ ಬಾಯಾರಿಕೆಯೊಂದಿದ್ದರೆ ಒಂದು ಮನೆಯಿಂದ ಇನ್ನೊಂದಕ್ಕೆ ಹತ್ತಿರದ ದಾರಿ ತಿಳಿಯುವಂತೆ ಮನೆಗಳನ್ನು ಅನುಕ್ರಮವಾಗಿ ಜೋಡಿಸಿರುವುದಾಗಿ ಮುಖಪುಟದಲ್ಲಿಯೇ ಭರವಸೆಯಿದೆ. ಒಂದು ಪಾನಗೃಹವನ್ನು ಅದರ ಗಿರಾಕಿಗಳಿಂದ ಗುರುತಿಸಬೇಕೆಂಬ ತತ್ತ್ವವು ಮೊದಲ ಬಾರಿಗೆ ಸ್ಪಷ್ಟವಾಗಿ ಕಾಣುವುದು ಇಂಥ ಪುಸ್ತಕಗಳಲ್ಲಿ.

ಆ ತತ್ತ್ವಕ್ಕೆ ಮಾತು ಕೊಟ್ಟವನು ಡಾಕ್ಟರ್ ಜಾನ್ಸನ್ನನು. ೧೭೬೪ರಲ್ಲಿ ‘ಟರ್ಕ್ಸ್ ಹೆಡ್’ ಎಂಬ ಟ್ಯಾವರ್ನಿನಲ್ಲಿ ಅವನ ಪ್ರಸಿದ್ಧ ಗೋಷ್ಠಿ ಆರಂಭವಾಯಿತು. ೧೭೭೬ರ ಮಾರ್ಚಿಯಲ್ಲಿ ಬಾಸ್ವೆಲ್ಲನೊಡನೆ ಪ್ರಯಾಣಮಾಡುತ್ತ ಒಂದು ಇನ್ನಿನಲ್ಲಿ ಊಟಕ್ಕೆ ಕುಳಿತಾಗ ಅವನು ಇಂಥ ಮನೆಗಳ ಹಿರಿಮೆಯನ್ನು ಹೊಗಳಿದುದನ್ನು ಬಾಸ್ವೆಲ್ಲನು ಬರೆದಿಟ್ಟಿರುವನು. ಎಷ್ಟೇ ಸಿರಿವಂತನ ಮನೆಯಾಗಲಿ, ಅತಿಥಿಗೆ ಸಂಕೋಚ ತಪ್ಪಿದ್ದಲ್ಲ. ಉಪಚರಿಸಬೇಕೆಂಬ ಆತಂಕ ಯಜಮಾನನಿಗೆ, ಮೆಚ್ಚಿಸಬೇಕೆಂಬ ಆತಂಕ ಬಂದವನಿಗೆ. ಪಾನಗೃಹದಲ್ಲಿ ಹಾಗಲ್ಲ, ಹೆಚ್ಚು ಗದ್ದಲಮಾಡಿ ಹೆಚ್ಚು ಬೇಡಿದವನಿಗೇ ಹೆಚ್ಚು ಸ್ವಾಗತ. ಬಡತನದಲ್ಲಿ ಬೆಳೆದು, ಪರರ ಮನೆಯ ಮರ್ಯಾದೆಯ ರುಚಿಯನ್ನು ಚೆನ್ನಾಗಿ ಅರಿತಿದ್ದ ಪಂಡಿತನ ಬಾಯಲ್ಲಿ ಈ ಮಾತಿಗೆ ಬೇರೆಯೇ ತೂಕವಿದೆ. ಕೊಟ್ಟ ಕಾಸಿಗೆ ಸಿಕ್ಕುವುದು ಪಾನೀಯವಷ್ಟೇ ಅಲ್ಲ, ಯಾರ ಹಂಗೂ ಇಲ್ಲದೆ ಕೂರುವ ಒಂದು ಕುರ್ಚಿ.

ಅತ್ತ ಜಾನ್ಸನ್ನನ ಗೋಷ್ಠಿ ನಡೆಯುವುದಕ್ಕೆ ಮುಂಚೆಯೇ ಇತ್ತ ಜಿನ್ ಎಂಬ ಅಗ್ಗದ ಸಾರಾಯಿಯು ಲಂಡನ್ನಿನ ಬಡಬಗ್ಗರನ್ನು ಹಾಳುಮಾಡಿತ್ತು. ೧೭೫೧ರಲ್ಲಿ ಹೊಗಾರ್ತನು ಕೆತ್ತಿದ ಎರಡು ಚಿತ್ರಗಳಲ್ಲಿ ಬಿಯರಿನ ಬೀದಿ ಪುಷ್ಟವಾಗಿಯೂ ಜಿನ್ನಿನ ಓಣಿ ಸ್ಮಶಾನದಂತೆಯೂ ಇರುವುವು. ಜಿನ್ನಿಗಿಂತ ಬಿಯರು ಲೇಸೆಂಬ ಅದೇ ನಂಬಿಕೆಯಿಂದ ೧೮೩೦ರಲ್ಲಿ ಪಾರ್ಲಿಮೆಂಟು ಎರಡು ಗಿನಿ ಕೊಟ್ಟ ಗೃಹಸ್ಥನಿಗೆಲ್ಲ ಬಿಯರು ಮಾರಲು ಅನುಮತಿ ಕೊಟ್ಟಿತು. ಮ್ಯಾಜಿಸ್ಟ್ರೇಟನ ಪರೀಕ್ಷೆ ಬೇಡವಾಯಿತು. ಆರು ತಿಂಗಳೊಳಗೆ ಸುಮಾರು ೨೪,೦೦೦ ಹೊಸ ಅಂಗಡಿಗಳೆದ್ದುವು. ಹಳೆಯ ಪರೀಕ್ಷೆಯನ್ನು ಮರಳಿ ತರಲು ೧೮೬೯ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಪ್ರೆಸ್ಟನ್ ಊರಿನ ಜೋಸೆಫ್ ಲೈವ್ಸಿಯೂ ಅವನ ಗೆಳೆಯರೂ ೧೮೩೨ರಲ್ಲಿ ಕೈಗೊಂಡ ಪಾನತ್ಯಾಗದ ಪ್ರತಿಜ್ಞೆಯು ದೇಶವ್ಯಾಪಿಯಾದ ಚಳುವಳಿಯಾಗಿತ್ತು. ಆ ಚಳುವಳಿಯವರೂ ಪಾನಗೃಹಗಳನ್ನು ಎಣಿಸಿದರು, ನಕಾಶೆಗಳಲ್ಲಿ ಗುರುತುಹಾಕಿದರು. ಆದರೆ ಬಾಗಿಲಿನಿಂದಾಚೆಗೆ ಅವರ ದೃಷ್ಟಿ ಹರಿದುದು ವಿರಳ. ಸಂಬಳದ ದಿನ ಗಂಡನಿಗಾಗಿ ಬಾಗಿಲ ಹೊರಗೆ ಕಾದು ನಿಂತ ಹೆಂಡಿರು ಮಕ್ಕಳನ್ನು ಅವರು ಕಂಡರು. ಅದನ್ನು ಕಾಣದೆ ಪಾನಗೃಹದ ಸೊಗಸನ್ನು ಹಾಡಿದವರಿಗಿಂತ ಅವರ ಕಣ್ಣು ಕುರುಡೆನ್ನಲಾಗದು.

ಮೊದಲನೆಯ ಮಹಾಯುದ್ಧದಲ್ಲಿ ಸರ್ಕಾರವೇ ಪಾನಗೃಹದ ಯಜಮಾನನಾದ ಪ್ರಸಂಗವು ಈ ಚರಿತ್ರೆಯಲ್ಲಿ ಎಲ್ಲಕ್ಕಿಂತ ವಿಚಿತ್ರವಾದುದು. ಗ್ರೆಟ್ನಾದಲ್ಲಿ ಮದ್ದುಗುಂಡಿನ ಭಾರಿ ಕಾರ್ಖಾನೆ ಎದ್ದು, ದುಡಿಯಲು ಬಂದ ಸಾವಿರಾರು ಜನ ಸಂಜೆಯ ಹೊತ್ತಿಗೆ ಕಾರ್ಲೈಲ್ ಪಟ್ಟಣಕ್ಕೆ ನುಗ್ಗುತ್ತಿದ್ದರು. ೧೯೧೫ರಲ್ಲಿ ನೇಮಕವಾದ ನಿಯಂತ್ರಣ ಮಂಡಲಿಯು ಮೊದಲು ಒಬ್ಬನು ಇನ್ನೊಬ್ಬನಿಗೆ ಪಾನೀಯವನ್ನು ಕೊಡಿಸುವುದನ್ನೇ ನಿಷೇಧಿಸಿತು. ೧೯೧೬ರಲ್ಲಿ ಆ ಪ್ರದೇಶದ ಬಿಯರು ಕಾರ್ಖಾನೆಗಳನ್ನೂ ಪಾನಗೃಹಗಳನ್ನೂ ಕೊಂಡುಕೊಂಡು, ಹಲವನ್ನು ಮುಚ್ಚಿಸಿತು. ಅದೇ ವರ್ಷದ ಜುಲೈ ತಿಂಗಳಲ್ಲಿ ಹಳೆಯ ಅಂಚೆಕಚೇರಿಯ ಕಟ್ಟಡದಲ್ಲಿ ಸರ್ಕಾರದ ‘ಗ್ರೆಟ್ನಾ ಟ್ಯಾವರ್ನ್’ ತೆರೆಯಿತು. ಜಾಹೀರಾತಿನ ಹಲಗೆಗಳು ಹೋದುವು, ಬಿಸಿಯೂಟ ಬಂದಿತು, ಕೂರಲು ಆಸನಗಳು ಬಂದುವು. ಹೆಚ್ಚು ಬಿಯರು ಮಾರಿದರೆ ವ್ಯವಸ್ಥಾಪಕನಿಗೆ ಲಾಭವಿಲ್ಲ. ಊಟವನ್ನು ಮಾರಿದರೆ ಉಂಟು. ಹ್ಯಾರಿ ರೆಡ್‌ಫರ್ನ್ ಎಂಬ ಶಿಲ್ಪಿಯು ಮುಂದೆ ಕಟ್ಟಿಸಿದ ಕೆಲವು ಮನೆಗಳು ಬಹು ಅಂದವಾದುವು. ಯುದ್ಧದ ಅಗತ್ಯಕ್ಕೆಂದು ಹುಟ್ಟಿದ ಈ ವ್ಯವಸ್ಥೆ ೧೯೭೩ರವರೆಗೆ ನಡೆಯಿತು. ಪರೀಕ್ಷಕನೇ ಅಂಗಡಿ ತೆರೆದರೆ ಅಂಗಡಿ ಶುಚಿಯಾಗಿಯೂ ಸ್ವಲ್ಪ ಸಪ್ಪೆಯಾಗಿಯೂ ಇರುವುದೆಂಬುದು ಅಲ್ಲಿ ಕುಡಿದ ಹಲವರ ಅಭಿಪ್ರಾಯ.

೧೯೩೭ರಲ್ಲಿ ಸ್ಥಾಪಿತವಾದ ‘ಮಾಸ್ ಅಬ್ಸರ್ವೇಷನ್’ ಎಂಬ ಸಂಸ್ಥೆಯವರು ಲ್ಯಾಂಕಷೈರಿನ ಬೋಲ್ಟನ್ ಪಟ್ಟಣವನ್ನು ಆರಿಸಿಕೊಂಡು, ಹೊಸ ಗಿನಿಯ ಬುಡಕಟ್ಟುಗಳನ್ನು ಪರೀಕ್ಷಿಸುವಂತೆ ಸ್ವದೇಶದ ಹತ್ತಿಗಿರಣಿಯ ಕೂಲಿಕಾರರನ್ನು ಪರೀಕ್ಷಿಸಲು ಹೊರಟರು. ಅಲ್ಲಿ ಮುನ್ನೂರಕ್ಕೆ ಕಡಮೆಯಿಲ್ಲದ ಪಾನಗೃಹಗಳಿದ್ದುವು. ಪರೀಕ್ಷಕರು ಮೂಲೆಯಲ್ಲಿ ಒಂದು ಲೋಟ ಹಿಡಿದು ಕುಳಿತು, ಗಡಿಯಾರವನ್ನು ನೋಡುತ್ತ, ಯಾರು ಎಷ್ಟು ಹೊತ್ತಿನಲ್ಲಿ ಎಷ್ಟು ಕುಡಿದರೆಂದು ಬರೆದುಕೊಂಡರು. ಉಗುಳುವ ತಟ್ಟೆಗಳನ್ನೂ ಬಿಡದೆ ವಿವರಿಸಿದರು. ಒಂದೇ ಮನೆಯೊಳಗೆ ಒಂದು ಸಮಾಜದ ಕಟ್ಟುಗಳೆಲ್ಲ ಕಂಡುಬಂದುವು. ‘ವಾಲ್ಟ್’ ಎಂಬ ಕೋಣೆಯಲ್ಲಿ ಗಂಡಸರು ಮಾತ್ರ. ಅಲ್ಲಿ ನಿಂತು ಕುಡಿಯಬೇಕು. ಮೆತ್ತನೆಯ ಆಸನಗಳ ಕೋಣೆಯಲ್ಲಿ ಹೆಂಗಸರೂ ಕೂರಬಹುದು. ಅಲ್ಲಿ ಅದೇ ಬಿಯರಿಗೆ ಒಂದು ಪೆನ್ನಿ ಹೆಚ್ಚು. ಒಂದು ಗುಂಪಿನವರ ಲೋಟಗಳಲ್ಲಿ ಬಿಯರಿನ ಮಟ್ಟವು ಒಂದೇ ಸಮನಾಗಿ ಇಳಿದು ಒಂದೇ ಗಳಿಗೆಯಲ್ಲಿ ಬರಿದಾಗುತ್ತಿತ್ತು. ಕುರುಡರು ಸಹ ಜೊತೆಯವರ ಮಟ್ಟಕ್ಕೆ ಸರಿಯಾಗಿ ಕುಡಿಯುತ್ತಿದ್ದರೆಂಬುದನ್ನು ಅವರು ಆಶ್ಚರ್ಯದಿಂದ ದಾಖಲಿಸಿರುವರು. ಜನರು ಅಲ್ಲಿಗೆ ಹೋಗುತ್ತಿದ್ದುದು ಏತಕ್ಕೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಾಗಿಲ್ಲ.

ಯುದ್ಧದ ನಡುವೆ ೧೯೪೩ರಲ್ಲಿ ಆ ಪುಸ್ತಕ ಹೊರಬಿದ್ದಾಗ ಅದನ್ನು ವಿಮರ್ಶಿಸಿದವರಲ್ಲಿ ಜಾರ್ಜ್ ಆರ್ವೆಲ್ಲನೂ ಒಬ್ಬನು. ಹತ್ತು ಜನ ಒಟ್ಟಿಗೆ ಕುಳಿತು ಮಾತಾಡುವ ಸುಖ ಹೋಗಿ, ಸಿನಿಮಾ ರೇಡಿಯೋಗಳೆದುರು ಸುಮ್ಮನೆ ಕೂರುವ ಸುಖ ಬರುತ್ತಿದೆಯೆಂಬ ವ್ಯಥೆ ಅವನದು. ಮೂರು ವರ್ಷಗಳ ಬಳಿಕ, ೧೯೪೬ರ ಫೆಬ್ರವರಿ ೯ರ ‘ಈವನಿಂಗ್ ಸ್ಟ್ಯಾಂಡರ್ಡ್’ ಪತ್ರಿಕೆಯಲ್ಲಿ ‘ನೀರಿನಡಿಯ ಚಂದ್ರ’ ಎಂಬರ್ಥದ ಹೆಸರಿನ ತನ್ನ ಮೆಚ್ಚಿನ ಪಾನಗೃಹವನ್ನು ಅವನು ಬಣ್ಣಿಸಿದನು. ಬಸ್ಸು ನಿಲ್ಲುವೆಡೆಯಿಂದ ಎರಡು ನಿಮಿಷದ ದಾರಿ. ಆದರೂ ಕುಡುಕರು ಪೋಕರಿಗಳು ದಾರಿ ತಪ್ಪಿ ಬರರು. ಹಳೆಯ ವಿಕ್ಟೋರಿಯನ್ ಸಜ್ಜು, ರೇಡಿಯೋ ಇಲ್ಲ, ಪಿಯಾನೋ ಇಲ್ಲ, ಮಾತಾಡುವಷ್ಟು ಮೌನ. ಬಡಿಸುವ ಹೆಂಗಸರಿಗೆ ಗಿರಾಕಿಗಳ ಹೆಸರು ಗೊತ್ತು. ರಾತ್ರಿಯೂಟವಿಲ್ಲ, ಆದರೆ ಗಿಣ್ಣು, ಉಪ್ಪಿನಕಾ‌ಯಿ, ಯಕೃತ್ತಿನ ಸಾಸೇಜಿನ ಸ್ಯಾಂಡ್‌ವಿಚ್ ಸದಾ ಉಂಟು. ಮಧ್ಯಾಹ್ನ ಮಹಡಿಯ ಮೇಲೆ ಸುಮಾರು ಮೂರು ಷಿಲಿಂಗಿಗೆ ಹೊಟ್ಟೆತುಂಬ ಊಟ. ಬಿಯರು ಪಿಂಗಾಣಿಯ ಬಟ್ಟಲಿನಲ್ಲಿ. ಹಿಂದೆ ಮರಗಳ ನೆರಳಿನ ತೋಟ. ಅಲ್ಲಿ ಮಕ್ಕಳಿಗೂ ಎಡೆ. ಹೆಂಡತಿಯನ್ನು ಮನೆಯಲ್ಲಿ ಕೂಡಿಹಾಕಿ ಗಂಡನೊಬ್ಬನೇ ಕುಡಿಯಲು ಬರಬೇಕಾಗಿಲ್ಲವೆಂಬುದೇ ಆ ತೋಟದ ದೊಡ್ಡ ಗುಣವೆಂದು ಅವನು ಎಣಿಸಿದನು. ಹೊರಗೆ ಕಾದು ನಿಂತವರಿಗೂ ಒಂದು ಮೇಜು ಹಾಕಿಸಿದ ಮೊದಲ ಪರೀಕ್ಷಕರಲ್ಲಿ ಅವನೊಬ್ಬನು.

ಎಲ್ಲವನ್ನೂ ಬಣ್ಣಿಸಿದ ಮೇಲೆ ಆರ್ವೆಲ್ಲನು ಗುಟ್ಟನ್ನು ಬಿಚ್ಚುತ್ತಾನೆ: ಅಂಥ ಮನೆಯೊಂದು ಇಲ್ಲವೇ ಇಲ್ಲ. ಹತ್ತು ಗುಣಗಳಲ್ಲಿ ಎಂಟು ಇರುವ ಒಂದನ್ನು ಮಾತ್ರ ಅವನು ಬಲ್ಲನು. ವಾತಾವರಣವೆಂಬುದನ್ನು ಪರೀಕ್ಷಿಸಹೊರಟವನು ಕೊನೆಗೆ ಇಲ್ಲದ ಮನೆಯನ್ನೇ ಅಳತೆಗೋಲಾಗಿ ನಿಲ್ಲಿಸಬೇಕಾಯಿತು. ಅವನು ತೀರಿಕೊಂಡ ಮೇಲೆ ಆ ಹೆಸರಿನ ನಿಜವಾದ ಪಾನಗೃಹಗಳು ಇಂಗ್ಲೆಂಡಿನಲ್ಲಿ ಒಂದಲ್ಲ, ಹಲವು ಹುಟ್ಟಿಕೊಂಡುವು.

೧೯೬೦ರ ದಶಕದಲ್ಲಿ ಕೆಲವೇ ದೊಡ್ಡ ಕಂಪನಿಗಳು ಚಿಕ್ಕ ಕಾರ್ಖಾನೆಗಳನ್ನು ನುಂಗಿ, ಅವುಗಳ ಪಾನಗೃಹಗಳಿಗೂ ಒಡೆಯರಾದುವು. ಸೋಸಿ, ಕಾಯಿಸಿ, ಇಂಗಾಲಾಮ್ಲವಾಯುವಿನ ಒತ್ತಡದಿಂದ ಹೊರಡಿಸುವ ಬಿಯರು ಎಲ್ಲೆಡೆಗೂ ಬಂದಿತು. ಅದು ಕೆಡುವುದಿಲ್ಲ, ಎಲ್ಲ ಊರಿನಲ್ಲಿಯೂ ರುಚಿ ಒಂದೇ. ಹಳೆಯ ರೀತಿಯ ಬಿಯರು ಪೀಪಾಯಿಯಲ್ಲಿಯೇ ಕೊನೆಯ ಹದಕ್ಕೆ ಬರುವಂಥದು; ನೆಲಮಾಳಿಗೆಯ ತಣ್ಪನ್ನೂ ಯಜಮಾನನ ಕೈಗುಣವನ್ನೂ ಅವಲಂಬಿಸಿದುದು. ಹೊಸದು ಗೆದ್ದರೆ ಮನೆಗೂ ಮನೆಗೂ ವ್ಯತ್ಯಾಸವೇ ಉಳಿಯದು. ೧೯೭೧ರ ಮಾರ್ಚಿಯಲ್ಲಿ ಐರ್ಲೆಂಡಿನ ಡನ್‌ಕ್ವಿನ್ ಎಂಬ ಕಡಲಂಚಿನ ಊರಿನಲ್ಲಿ ರಜೆಗೆಂದು ಹೋಗಿದ್ದ ನಾಲ್ವರು ಇಂಗ್ಲಿಷ್ ಯುವಕರು ಒಂದು ಪಾನಗೃಹದಲ್ಲಿ ಕುಳಿತು ಇದಕ್ಕೆ ಪ್ರತಿಯಾಗಿ ಒಂದು ಸಂಘವನ್ನು ಕಟ್ಟಿದರು. ‘ಕ್ಯಾಮ್ರಾ’ ಎಂದು ಪ್ರಸಿದ್ಧವಾದ ಆ ಸಂಘವು ೧೯೭೪ರಲ್ಲಿ ಒಳ್ಳೆಯ ಬಿಯರಿನ ಮಾರ್ಗದರ್ಶಿಯನ್ನು ಅಚ್ಚುಹಾಕಿಸಿತು. ಊರೂರಿನ ಸದಸ್ಯರು ತಮ್ಮ ಕಾಸು ಕೊಟ್ಟು ಕುಡಿದು, ಮೆಚ್ಚಿದ ಮನೆಗಳ ಹೆಸರನ್ನು ಕಳುಹಿಸುವುದೇ ಅದರ ಕ್ರಮ. ಒಂದು ದೊಡ್ಡ ಕಂಪನಿಯ ಬಿಯರನ್ನು ಮಹಾಮಾರಿಯಂತೆ ದೂರವಿಡಬೇಕೆಂದು ಮೊದಲ ಮುದ್ರಣದಲ್ಲಿ ಬರೆದಿದ್ದಿತು. ಮುದ್ರಕರು ಮಾನನಷ್ಟದ ಮೊಕದ್ದಮೆಗೆ ಹೆದರಿದರು. ಮಾತನ್ನು ಸ್ವಲ್ಪ ಮೆತ್ತಗೆ ಮಾಡಿ ಮತ್ತೆ ಅಚ್ಚುಹಾಕಿದರು. ಏಳು ಶತಮಾನಗಳ ಹಿಂದೆ ರುಚಿಗಾರನ ಮಾತಿಗೆ ಏಲ್‌ಗಿತ್ತಿ ನಡುಗುತ್ತಿದ್ದಳು; ಈಗ ನಡುಕ ರುಚಿಗಾರನ ಪಾಲಿಗೆ ಬಂದಿತ್ತು. ಆದರೂ ಹಳೆಯ ಬಿಯರು ಉಳಿಯಿತು. ಮನೆಗಳೇ ಮುಚ್ಚತೊಡಗಿದಾಗ ಮಾತ್ರ ಕೈಪಿಡಿಯೊಂದರಿಂದಲೇ ಅವನ್ನು ಉಳಿಸುವಂತಿರಲಿಲ್ಲ. ನೆಲದ ಬೆಲೆ ಏರಿದ ಕಡೆಯಲ್ಲೆಲ್ಲ ಪಾನಗೃಹಕ್ಕಿಂತ ವಾಸದ ಮಹಡಿಗಳೇ ಹೆಚ್ಚು ಲಾಭದವಾದುವು.

ಲಂಡನ್ನಿನ ಮೇಡಾ ವೇಲ್ ಪ್ರದೇಶದಲ್ಲಿ ‘ಕಾರ್ಲ್‌ಟನ್ ಟ್ಯಾವರ್ನ್’ ಎಂಬ ಮನೆಯಿತ್ತು. ಅಲ್ಲಿದ್ದ ಹಿಂದಿನ ಕಟ್ಟಡವು ೧೯೧೮ರಲ್ಲಿ ಬಾಂಬಿಗೆ ಬಲಿಯಾದ ಮೇಲೆ ೧೯೨೦-೨೧ರಲ್ಲಿ ಕಟ್ಟಿದುದು. ೨೦೧೫ರಲ್ಲಿ ಅದನ್ನು ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸುವ ಆಲೋಚನೆ ನಡೆದಿತ್ತು. ಅದಕ್ಕಾಗಿ ಪುರಾತನ ಕಟ್ಟಡಗಳ ಇಲಾಖೆಯವರು ಬಂದು ಒಳಹೊರಗನ್ನೆಲ್ಲ ವಿವರವಾಗಿ ಗುರುತಿಸಿಕೊಂಡಿದ್ದರು. ಈಸ್ಟರ್ ಹಬ್ಬದ ಸೋಮವಾರ, ದಾಸ್ತಾನನ್ನು ಎಣಿಸಬೇಕೆಂದು ನೆಪ ಹೇಳಿ ಮಾಲಿಕರು ಬಾಗಿಲು ಹಾಕಿಸಿದರು. ಏಪ್ರಿಲ್ ೮ರಂದು ಯಾರ ಅನುಮತಿಯೂ ಇಲ್ಲದೆ ಯಂತ್ರಗಳಿಂದ ಕೆಡವಿಸಿದರು. ನೆರೆಹೊರೆಯವರು ಸುಮ್ಮನಿರಲಿಲ್ಲ. ಕೆಡವಿದುದನ್ನು ಇಟ್ಟಿಗೆ ಇಟ್ಟಿಗೆಯಾಗಿ ಮೊದಲಿದ್ದಂತೆಯೇ ಕಟ್ಟಿಕೊಡಬೇಕೆಂದು ವೆಸ್ಟ್‌ಮಿನ್‌ಸ್ಟರ್ ಪೌರಸಭೆಯು ಆಜ್ಞೆಮಾಡಿತು. ಮಾಲಿಕರ ಮೇಲ್ಮನವಿ ೨೦೧೬ರಲ್ಲಿ ಬಿದ್ದುಹೋಯಿತು. ಮೊದಲು ಹೇಗಿತ್ತೆಂಬುದಕ್ಕೆ ಇಲಾಖೆಯವರ ದಾಖಲೆಯೇ ಆಧಾರವಾಯಿತು.

ಆರು ವರ್ಷಗಳ ಬಳಿಕ, ೨೦೨೧ರ ಏಪ್ರಿಲ್ ತಿಂಗಳಲ್ಲಿ, ಕಾರ್ಲ್‌ಟನ್ ಟ್ಯಾವರ್ನಿನ ಬಾಗಿಲು ಮತ್ತೆ ತೆರೆಯಿತು. ಆಗ ಸಾಂಕ್ರಾಮಿಕ ರೋಗದ ಕಾಲ. ಇಂಗ್ಲೆಂಡಿನ ಪಾನಗೃಹಗಳು ಹೊರಾಂಗಣದಲ್ಲಿ ಮಾತ್ರ ಜನರನ್ನು ಕೂರಿಸಬಹುದಾಗಿತ್ತು. ಮರಳಿ ಕಟ್ಟಿದ ಕೋಣೆಯೊಳಗೆ ಲೋಟ ಹಿಡಿದು ಕೂರಲು ಗಿರಾಕಿಗಳು ಮೇ ತಿಂಗಳ ಮಧ್ಯದವರೆಗೆ ಕಾಯಬೇಕಾಯಿತು.